ಡಾಕ್ಟರ ಬೆರಳು, ರೋಗಿಯ ಕಣ್ಣು

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಾನು ಅಲ್ಲಿನ ದವಾಖಾನೆಯೊಂದರಲ್ಲಿ ಕಂಪೌಂಡರ್. ಡಾಕ್ಟರು ಮದ್ರಾಸ್ ಕಡೆಯವರು. ತಲೆತಿರುಗು, ತಲೆಗೆ ಪೆಟ್ಟು ಅಂತ ಯಾರೇ ಬರಲಿ, ಮುಖದ ಮುಂದೆ ಬೆರಳಾಡಿಸಿ ಕಣ್ಣು ಹೇಗೆ ಹೊರಳುತ್ತದೆ ಅಂತ ನೋಡುತ್ತಿದ್ದರು. ಮಿದುಳಿನಲ್ಲಿ ಏನು ಕೆಟ್ಟಿದೆ ಅಂತ ಕಣ್ಣೇ ಹೇಳುತ್ತದಂತೆ. ಆ ಬೆರಳು ಎದ್ದ ದಿನ ಏನಾದರೊಂದು ಆಗದೆ ಇರುತ್ತಿರಲಿಲ್ಲ.

೧. ಬೆರಳಿನ ಹಿಂದೆ

ಸಿರುಗುಪ್ಪದ ಅಜ್ಜನೊಬ್ಬನಿಗೆ ತಲೆತಿರುಗು. ಡಾಕ್ಟರು ತಮ್ಮ ಅರೆಬರೆ ಕನ್ನಡದಲ್ಲಿ, "ನನ್ನ ಬೆರಳ ಹಿಂದೆ ಬಾ" ಎಂದರು. ಕಣ್ಣು ಬರಲಿ ಅಂತ ಅವರ ಅರ್ಥ. ಅಜ್ಜ ಕೋಲು ತಗೊಂಡು ಎದ್ದೇ ಬಿಟ್ಟ. ಗಾಬರಿಯಾಗಿ ಡಾಕ್ಟರು ಹಿಂದೆ ಸರಿದರು. ಬೆರಳು ಮಾತ್ರ ಇಳಿಸಲಿಲ್ಲ. ಇಬ್ಬರೂ ಬಾಗಿಲು ದಾಟಿದರು.

"ಅಜ್ಜಾ, ಎಲ್ಲಿಗೆ ಹೊಂಟಿ?" ಎಂದೆ.

"ನನಗೇನ್ ಗೊತ್ತಪ್ಪಾ? ಸಾಹೇಬ್ರು ಕರ್ಕೊಂಡು ಹೊಂಟಾರ!"

೨. ಅತ್ತೆಯ ಬೆರಳು

ಸತ್ಯನಾರಾಯಣಪೇಟೆಯ ಸೊಸೆಯೊಬ್ಬಳು ತಲೆನೋವೆಂದು ಅತ್ತೆಯ ಜತೆ ಬಂದಳು. "ತಲಿ ಅಲ್ಲಾಡಿಸಬ್ಯಾಡವ್ವಾ, ಕಣ್ಣಿಲೆ ಬೆರಳು ನೋಡು" ಅಂತ ನಾನೇ ಹೇಳಿದೆ. ಆಕೆ ನೆಲ ನೋಡುತ್ತ ಕೂತಳು. ಪರಗಂಡಸರ ಕಡೆ ನೋಡಬಾರದಂತೆ! ಸರಿ, ಬೆರಳಾಡಿಸುವ ಕೆಲಸ ಅತ್ತೆಗೇ ಬಂತು. ಅತ್ತೆ ಬೆರಳೆತ್ತಿದ್ದೇ ತಡ, ಸೊಸೆಯ ಕಣ್ಣು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ, ಒಂದಿಷ್ಟೂ ತಪ್ಪಲಿಲ್ಲ.

"ಭೇಷ್!" ಎಂದರು ಡಾಕ್ಟರು.

"ಮೂರು ವರ್ಷದಿಂದ ಅದೇ ಬೆರಳು ನೋಡಾಕತ್ತೀನ್ರಿ" ಎಂದಳು ಸೊಸೆ, ಮೆಲ್ಲಗೆ.

ತಲೆನೋವಿಗೆ ಕಾರಣ ಏನಂತ ಡಾಕ್ಟರು ಮತ್ತೆ ಕೇಳಲಿಲ್ಲ.

೩. ರಾಕ್ಷಸ

ಕುರುಗೋಡಿನವನೊಬ್ಬ ಬಯಲಾಟದಲ್ಲಿ ರಾಕ್ಷಸನ ಪಾತ್ರ ಮಾಡುವವ. ಬಂಡಿಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಡಾಕ್ಟರು ಬೆರಳಾಡಿಸಿದರೆ ಎಡಗಣ್ಣು ಹೊರಗಡೆಗೆ ಹೊರಳದೆ ನಡುವೆಯೇ ನಿಂತಿತು. ಡಾಕ್ಟರ ಮುಖ ಸಣ್ಣದಾಯಿತು.

"ಎಲ್ಲಾ ಎರಡೆರಡು ಕಾಣ್ತಾವ್ರಿ. ನನ್ನ ಹೇಣ್ತಿನೂ ಇಬ್ಬರಾಗ್ಯಾಳ" ಎಂದ ಆತ.

"ಒಬ್ಬಾಕಿನ್ನ ಸಾಕೂದ ಸಾಕಾಗೇತಿ ಇವರಿಗೆ" ಎಂದು ಹೆಂಡತಿ ಅತ್ತಳು.

ಅವನನ್ನು ದವಾಖಾನೆಯಲ್ಲೇ ಇರಿಸಿಕೊಂಡು ದಿನಾ ಬೆಳಿಗ್ಗೆ ಡಾಕ್ಟರು ಬೆರಳಾಡಿಸುವುದು, ಕಣ್ಣು ಜರುಗಿತಾ ಅಂತ ನೋಡುವುದು. ಮೂರನೇ ವಾರ ಕಣ್ಣು ಕೂದಲೆಳೆಯಷ್ಟು ಜರುಗಿತು. ಆಮೇಲೆ ದಿನಕ್ಕಿಷ್ಟು. ಒಂದು ದಿನ ಪೂರಾ ಅಂಚಿಗೆ ಮುಟ್ಟಿತು. ಡಾಕ್ಟರು ಹಿಗ್ಗಿ, "ಇನ್ನೂ ಜೋರಾಗಿ ಹೊರಳಿಸು!" ಎಂದರು.

ರಾಕ್ಷಸನಿಗೆ ಅಷ್ಟೇ ಬೇಕಿತ್ತು. ಮಂಚದ ಮೇಲೆ ಎದ್ದುನಿಂತ, ಮೀಸೆ ತಿರುವಿದ, ಎರಡೂ ಕಣ್ಣು ಗರಗರ ತಿರುಗಿಸಿ, "ಎಲಾ ನರಮಾನವಾ!" ಎಂದು ಗರ್ಜಿಸಿ ಡಾಕ್ಟರ ಮುಂದೆ ಧುಮುಕಿದ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, "ಕಣ್ಣು ಬಂದ್ವು!" ಎಂದು ಅಳುತ್ತ ನಗುತ್ತ ಓಡಿಬಂದಳು. ಕುರ್ಚಿಯಲ್ಲಿ ಕುಸಿದಿದ್ದ ಡಾಕ್ಟರು ಸ್ಟೆತಾಸ್ಕೋಪು ತೆಗೆದು ನನ್ನ ಕೈಗಿಟ್ಟರು.

"ಅವನ ಕಣ್ಣು ಸರಿ ಇದೆ. ಈಗ ನನ್ನ ಎದೆ ನೋಡು."