ಮಾವನ ಮಡಚೋ ಚಾಕು

ಹೊಸೂರಿನ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಕೆಲಸ ಮಾಡೋನಿಗೆ ನೆಂಟರು ಕೊಡೋ ರಿಪೇರಿಗೆ ಕೊನೆಯೇ ಇರಲ್ಲ. ಕುಕ್ಕರ್ ಹಿಡಿ, ಕೊಡೆಯ ಕಂಬಿ, ಏನಾದ್ರೂ ಒಂದು ಬರ್ತಾನೇ ಇರುತ್ತೆ. ಡೆಂಕಣಿಕೋಟೆ ಹತ್ತಿರದ ನಮ್ಮ ಮಾವ ಮಾತ್ರ ಯಾವತ್ತೂ ಏನೂ ಕೇಳಿದವರಲ್ಲ. ಲಕ್ವ ಹೊಡೆದು ಬಲಗೈ ಬೆರಳುಗಳು ಸೋತ ಮೇಲೆ, ಒಂದು ದಿನ ಜೇಬಿಂದ ಚಾಕು ತೆಗೆದು ನನ್ನ ಮುಂದಿಟ್ಟರು.

ಪ್ಲಾಸ್ಟಿಕ್ ಹಿಡಿಯ ಹಗುರ ಚಾಕು. ಮನೆಗೆ ಬಂದವರಿಗೆಲ್ಲ ಅದರಲ್ಲೇ ಸೀಬೆಹಣ್ಣು ಕೊಯ್ದು ಕೊಡೋರು. ಈಗ ಅದನ್ನು ಬಿಡಿಸೋಕೆ ಅತ್ತೆ ಬರಬೇಕಿತ್ತು.

"ಬಂದೋರ ಮುಂದೆ ಅವ್ಳನ್ನ ಕೂಗ್ಬೇಕು, ಅಳಿಯಂದ್ರೇ," ಅಂದು ತಲೆ ತಗ್ಗಿಸಿದರು.

ಅರ್ಧ ಕೆಲಸ

ಅಲಗಿನ ಮೇಲೆ ಉಗುರು ಸಿಕ್ಕಿಸೋ ಗೆರೆ ಇತ್ತು. ಅವರ ಉಗುರಿಗೆ ಆ ಶಕ್ತಿ ಇರಲಿಲ್ಲ. ಎರಡು ಬೆರಳಲ್ಲಿ ಅಲಗು ಹಿಡಿಯೋ ಹಾಗೆ ಹಿಡಿಯನ್ನು ಅರ್ಧಚಂದ್ರದಂತೆ ಅರದಿಂದ ಉಜ್ಜಿದೆ. ಮಾವ ಹಿಡಿದರು. ಎಳೆದರು. ಅಲಗು ಅಲ್ಲಾಡಲಿಲ್ಲ.

ನನಗೆ ಮುಖ ಎತ್ತೋಕೆ ಆಗಲಿಲ್ಲ. ಮಾವ ಗಂಭೀರವಾಗಿ ಅತ್ತೆಯನ್ನು ಕರೆದರು. "ಹಿಡಿಯೋದು ನಂಗೆ ಬತ್ತದೆ. ಇನ್ಮೇಲೆ ನೀನು ಎಳೆಯೋದೊಂದು ಮಾಡು, ಸಾಕು."

ತಾನೇ ಈಚೆಗೆ

ಮುಂದಿನ ಭಾನುವಾರ ಅಲಗು ಕೂರಿಸಿದ್ದ ತಿರುಪು ಸಡಿಲಿಸಿ ಒಂದು ಹನಿ ಎಣ್ಣೆ ಬಿಟ್ಟೆ. ಸಡಿಲ ಜಾಸ್ತಿಯಾಯ್ತು. ಮಾವ ಕರು ಬಿಚ್ಚೋಕೆ ಬಗ್ಗಿದಾಗ ಚಾಕು ಜೇಬಲ್ಲೇ ಬಿಚ್ಚಿಕೊಂಡು, ಜೇಬು ಸೀಳಿ, ಕಾಲ ಹತ್ತಿರ ಬಿತ್ತು. ದೇವರ ದಯೆ, ಯಾರಿಗೂ ತಾಗಲಿಲ್ಲ.

ಅತ್ತೆ ಜೇಬು ಹೊಲಿಯುತ್ತಾ ನನ್ನ ಕಡೆ ನೋಡದೇ ಹೇಳಿದರು. "ಈಗ ಇವ್ರು ಕೈ ಹಾಕೋದೇ ಬ್ಯಾಡ, ಅಳಿಯಂದ್ರೇ. ತಾನೇ ಬತ್ತದೆ ಈಚೆಗೆ."

ಚೆಂಡು

ಕೊನೆಗೆ ತಿರುಪು ಹದವಾಗಿ ಬಿಗಿದು, ಅಲಗಿನ ಬೆನ್ನಿಗೆ ಹೆಬ್ಬೆರಳಿಂದ ತಳ್ಳೋಕೆ ಗುಂಡಿಯಂಥ ಒಂದು ಹಿತ್ತಾಳೆ ಗುಬುಟು ಕೂರಿಸಿದೆ. ಮಾವ ಹತ್ತು ಸಲ ತಳ್ಳಿದರು. ಹತ್ತು ಸಲವೂ ಬೆರಳು ಜಾರಿತು. ಚಾಕು ಜೇಬಿಗೆ ಹಾಕಿಕೊಂಡು ಎದ್ದು ಒಳಗೆ ಹೋದರು. ಇನ್ನು ಆ ಚಾಕು ಮುಟ್ಟಬಾರದು ಅಂದುಕೊಂಡೇ ನಾನು ಹೊಸೂರಿಗೆ ಬಂದೆ.

ಎರಡು ತಿಂಗಳಾದ ಮೇಲೆ ಮಾವನನ್ನೂ ಅತ್ತೆಯನ್ನೂ ವ್ಯಾಯಾಮ ಹೇಳಿಕೊಡೋ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ಮಾವನ ಬಲಗೈ ಹಿಡಿದು ನೋಡಿ, "ಬಲ ಬಂದಿದೆಯಲ್ಲ! ನಾನು ಕೊಟ್ಟ ರಬ್ಬರ್ ಚೆಂಡು ದಿನಾ ಹಿಸುಕಿದ್ದೀರಿ," ಅಂದರು.

"ಅದನ್ನ ಮೊದಲ್ನೇ ವಾರವೇ ನಾಯಿ ಎತ್ಕೊಂಡೋಯ್ತು," ಅಂದರು ಅತ್ತೆ.

ಮಾವ ಜೇಬಿಂದ ಚಾಕು ತೆಗೆದರು. ಹೆಬ್ಬೆರಳು ಗುಬುಟಿನ ಮೇಲೆ ಕೂತಿತು, ನಡುಗಿತು, ತಳ್ಳಿತು. ಟಕ್. ಅಲಗು ಪೂರ್ತಿ ಬಿಚ್ಚಿಕೊಂಡಿತ್ತು.

ಡಾಕ್ಟರಮ್ಮ ಬಗ್ಗಿ ಗುಬುಟು ನೋಡಿ, "ದಿನಕ್ಕೆ ಎಷ್ಟು ಸಲ ಮಾಡ್ತೀರಿ?" ಅಂತ ಕೇಳಿದರು.

"ಎಷ್ಟು ಜನ ಬತ್ತಾರೋ ಅಷ್ಟು ಸಲ, ತಾಯಿ."

"ಯಾರೂ ಬರದಿದ್ದರೆ?"

ಮಾವ ಚಾಕು ಮಡಚಿ ಜೇಬಿಗೆ ಹಾಕಿಕೊಂಡರು. ಅತ್ತೆಯೇ ಹೇಳಿದರು. "ನೆನ್ನೆ ಯಾರೂ ಬರ್ನಿಲ್ಲ. ಅಂಚೆಟ್ಟಿಗೆ ಹೋಗೋ ಬಸ್ಸಿಗೆ ಕೈ ಅಡ್ಡ ಹಾಕಿ ನಿಲ್ಸಿ, ಕಂಡಕ್ಟರ್‌ಗೆ ಚಾಕು ಬಿಚ್ಚಿ ತೋರ್ಸಿ ಕಳಿಸವ್ರೆ."