ಲೇಹ್ಯ, ಪಥ್ಯ ಮತ್ತು ಹುಂಜ

ಸಕಲೇಶಪುರದ ಒಂದು ಲ್ಯಾಬಿನಲ್ಲಿ ಕೂತು ಊರವರ ರಕ್ತ ಎಳೆಯುವುದು ನನ್ನ ಕೆಲಸ. ಶುಗರ್‌ಗೂ ಜಗ್ಗದ ಗಂಡಸರು ಒಂದು ಟೆಸ್ಟಿಗೆ ಮಾತ್ರ ಗಡಗಡ ನಡುಗುತ್ತಾರೆ. ಅವರ ಭಯ, ಅವರ ನಂಬಿಕೆ ಎರಡನ್ನೂ ನೋಡಿ ನಾನು ಬೆರಗಾಗದ ತಿಂಗಳಿಲ್ಲ. ಮಾರನಹಳ್ಳಿಯ ಲಾರಿ ಡ್ರೈವರನ ಕತೆಯಂತೂ ಬೆರಗಿನ ಮೇಲೆ ಬೆರಗು.

ಹೆಸರು ಹೇಳಬಾರದ ಟೆಸ್ಟು

ಘಾಟಿಯಲ್ಲಿ ರಾತ್ರಿಯೆಲ್ಲ ಲಾರಿ ಓಡಿಸುವ ಗಟ್ಟಿ ಆಳು. ಕಿಟಕಿಗೆ ಬಾಯಿಟ್ಟು, "ಅಕ್ಕ, ಅದೊಂದು ಟೆಸ್ಟ್ ಮಾಡಿಸ್ಬೇಕಿತ್ತು" ಅಂದ.

"ಯಾವುದಪ್ಪ?"

"ಅದೇ... ಸುಸ್ತಿಂದು."

"ಸುಸ್ತಿಗೆ ಹತ್ತು ಟೆಸ್ಟ್ ಇದಾವೆ."

ಬೆಂಚಿನಿಂದ ಅವನ ಹೆಂಡತಿ ಕೂಗಿದಳು: "ಗಂಡಸ್ರ ಹಾರ್ಮೋನಿಂದು ಕಣಕ್ಕ! ಟೆಸ್ಟೋಸ್ಟೆರಾನು! ಡಾಕ್ಟ್ರೇ ಬರ್ಕೊಟ್ಟವ್ರೆ, ಹೇಳಕ್ಕೇನು ದಾಡಿ?"

ಬೆಂಚಿನಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ಎದ್ದು ಟೀ ಕುಡಿಯಲು ಹೋದರು.

ಗಟ್ಟಿ ಸಾಕ್ಷಿ

ರಿಪೋರ್ಟ್‌ನಲ್ಲಿ ಕಡಿಮೆ ಬಂತು. ಕುಡಿತ ಬಿಡು, ರಾತ್ರಿ ನಿದ್ದೆ ಮಾಡು, ಮೂರು ತಿಂಗಳು ಬಿಟ್ಟು ಬೆಳಗಿನ ಹೊತ್ತು ಮತ್ತೆ ಟೆಸ್ಟ್ ಮಾಡಿಸು, ಆಗಲೂ ಕಡಿಮೆ ಇದ್ದರೆ ಔಷಧಿ ಯೋಚಿಸೋಣ ಅಂದರು ಡಾಕ್ಟರು. ಅವನು ನನ್ನ ಮುಂದೆ ನಿಂತು, "ಹಂಗಾರೆ ನಾನು ಗಂಡ್ಸೇ ಅಲ್ವಾ ಅಕ್ಕ?" ಅಂದ.

ವಾರ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮುಖ ಅರಳಿತ್ತು. ಯಸಳೂರು ಕಡೆಯ ನಾಟಿ ವೈದ್ಯರೊಬ್ಬರು ಡಬ್ಬಿ ತುಂಬ ಲೇಹ್ಯ ಕೊಟ್ಟಿದ್ದರಂತೆ.

"ಅಶ್ವಗಂಧಕ್ಕಾದರೆ ಅಲ್ಪಸ್ವಲ್ಪ ಆಧಾರ ಇದೆ ಅಂತಾರೆ. ಇದರಲ್ಲಿ ಏನೇನಿದೆಯೋ! ಕೆಲಸ ಮಾಡುತ್ತೆ ಅನ್ನೋಕೆ ಸಾಕ್ಷಿ ಏನಪ್ಪ?"

"ವೈದ್ಯರ ಮನೆ ಹುಂಜ ನೋಡ್ಬೇಕು ನೀವು! ದಿನಾ ಲೇಹ್ಯ ತಿಂತದೆ. ಎದೆ ಉಬ್ಬಿಸ್ಕಂಡು ನಾಯಿನೇ ಅಟ್ಟಾಡಿಸ್ತದೆ."

"ಲೇಹ್ಯ ತಿನ್ನದ ಹುಂಜಗಳು ಹೇಗಿವೆ? ಹೋಲಿಸಿ ನೋಡಬೇಕಲ್ಲ?"

"ಅವೆಲ್ಲಿ ಅದಾವೆ? ಸಾರಾಗ್ಬುಟ್ವಲ್ಲ!"

ಪಥ್ಯ

ಮೂರು ತಿಂಗಳು ಕಳೆದು ಗಂಡ ಹೆಂಡತಿ ಬೆಳಗ್ಗೆಯೇ ಬಂದರು. ಸಂಜೆ ರಿಪೋರ್ಟ್ ಬಂತು. ಎಲ್ಲ ಸರಿಯಾಗಿತ್ತು! ಅವನು ಚೀಲದಿಂದ ಲೇಹ್ಯದ ಡಬ್ಬಿ ತೆಗೆದು ಕಣ್ಣಿಗೊತ್ತಿಕೊಂಡ. "ಲಾರಿ ಸ್ಟ್ಯಾಂಡ್‌ನೋರಿಗೆಲ್ಲ ಹೇಳ್ಬೇಕು" ಅಂತ ಹೊರಗೆ ಓಡಿದ.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಹೆಂಡತಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

"ಡಬ್ಬೀಲಿ ಇರೋದು ನಾನು ಕಾಸಿದ ಹುಣಸೆಹಣ್ಣು, ಬೆಲ್ಲ ಕಣಕ್ಕ. ಗೊತ್ತಿಲ್ಲದ್ದು ತಿನ್ಸಕ್ಕೆ ನಂಗೆ ಭಯ. ಡಾಕ್ಟ್ರು ಹೇಳಿದ್ನೇ ಲೇಹ್ಯದ ಪಥ್ಯ ಅಂತ ಹೇಳ್ಬುಟ್ಟೆ. ಬಾಟ್ಲಿ ಮುಟ್ಟಂಗಿಲ್ಲ, ರಾತ್ರಿ ಲಾರಿ ಹತ್ತಂಗಿಲ್ಲ ಅಂತ. ಡಾಕ್ಟ್ರ ಮಾತು ಮೀರ್ತಾರೆ ಇವ್ರು, ಪಥ್ಯ ಮೀರಲ್ಲ."

ಎಂಥ ಹೆಂಗಸಪ್ಪ! ಎದ್ದು ನಿಂತು ಕೈ ಮುಗಿಯಬೇಕು ಅನಿಸಿತು.

"ಮತ್ತೆ ವೈದ್ಯರು ಕೊಟ್ಟ ಲೇಹ್ಯ?"

"ನಮ್ಮನೆ ಹುಂಜಕ್ಕೆ ಹಾಕ್ದೆ. ಅಷ್ಟೂ ತಿಂತು."

"ಹೇಗಿದೆ ಈಗ?"

ಅವಳು ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು: "ಇವ್ರಿಗೆ ಹೇಳ್ಬೇಡಿ ಅಕ್ಕ. ಹೋದ ವಾರದಿಂದ ಮೊಟ್ಟೆ ಮೇಲೆ ಕಾವಿಗೆ ಕೂತೈತೆ."