ಕನ್ಯೆ ನೋಡಲು ಹೋಗಿ ಇಂಜೆಕ್ಟರ್ ನೋಡಿದ್ದು

ಪುಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಗಾಡಿಗಳ ವೈರಿಂಗ್ ಮಾಡಿದವನು ನಾನು. ಸುಮ್ಮನೆ ಒಂದು ಹಾರ್ನು ಕೂಡಿಸಲು ಹೋದರೂ ಏನಾದರೊಂದು ನಗೆಪಾಟಲು ಮಾಡಿಕೊಳ್ಳದೆ ವಾಪಸು ಬಂದದ್ದಿಲ್ಲ. ಹೊಸದರಲ್ಲಿ ನಾಚಿಕೆಯಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಆದರೆ ಒಂದೇ ಗಾಡಿ ಒಂದೇ ತಿಂಗಳಲ್ಲಿ ಇಷ್ಟು ಸಲ ನನ್ನ ಮಾನ ತೆಗೆದದ್ದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ನಾನು ಕನ್ಯೆ ನೋಡುತ್ತಿದ್ದ ಕಾಲದಲ್ಲಿ.

ತಾಟಿನಲ್ಲಿ ನಾಲ್ಕು

ಆಗ ನನಗೆ ಮೂವತ್ತೊಂದು ವಯಸ್ಸು. ಬಿಬವೇವಾಡಿಯಲ್ಲಿ ಗಾಡಿ ನಿಲ್ಲಿಸಿದರೆ ನಾನು ನಿಲ್ಲಲು ಜಾಗವಿರದಷ್ಟು ದೊಡ್ಡ ಅಂಗಡಿ. ಅದುವರೆಗೆ ಎಂಟು ಕನ್ಯೆ ನೋಡಿದ್ದೆ. ಎಂಟೂ ಮನೆಯವರು ಉಪ್ಪಿಟ್ಟು ತಿನ್ನಿಸಿ, "ತಿಳಿಸ್ತೀವ್ರಿ" ಎಂದು ಕಳಿಸಿದ್ದರು. ಯಾರೂ ತಿಳಿಸಲಿಲ್ಲ.

ಒಂಬತ್ತನೆಯದು ಚಿಂಚವಾಡದ ಮನೆ. ಧಾರವಾಡ ಕಡೆಯ ಜನ. ಹುಡುಗಿಯ ತಂದೆಯನ್ನು ನಾನು ಕಾಕಾ ಎಂದೆ, ತಾಯಿಯನ್ನು ಕಾಕು ಎಂದೆ. ಕಾಕಾ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಅಂದರೆ ಬೇರೆಯವರು ಮಾಡಿದ್ದನ್ನು ಬೇಡ ಎನ್ನುವುದೇ ಅವರ ನೌಕರಿ. ಹುಡುಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಅವಳು ಉಪ್ಪಿಟ್ಟಿನ ತಾಟು ತಂದಿಟ್ಟು ನನ್ನನ್ನು ನೆಟ್ಟಗೆ ನೋಡಿದಳು. ಮಾಡಿಕೊಂಡರೆ ಇವಳನ್ನೇ ಎಂದು ನನಗೆ ಅನ್ನಿಸಿಬಿಟ್ಟಿತು.

ಅವಳ ಹಿಂದೆಯೇ ಕಾಕಾ ಇನ್ನೊಂದು ತಾಟು ತಂದು ನನ್ನ ಮುಂದೆ ಇಟ್ಟರು. ಚಕ್ಕುಲಿ ಇರಬೇಕೆಂದು ಕೈ ಹಾಕಿದೆ. ನಾಲ್ಕು ಇಂಜೆಕ್ಟರ್.

ಇಂಜೆಕ್ಟರ್ ಎಂದರೆ ಎಂಜಿನ್ನಿಗೆ ಪೆಟ್ರೋಲು ಚಿಮುಕಿಸುವ ಪುಟ್ಟ ನಳ. ಅದರೊಳಗಿನ ತಂತಿಯ ಸುರುಳಿಗೆ, ನಮ್ಮ ಭಾಷೆಯಲ್ಲಿ ಕಾಯಿಲ್ಲಿಗೆ, ಕರೆಂಟು ಕೊಟ್ಟು ತೆರೆಯುವುದು, ಮುಚ್ಚುವುದು ಗಾಡಿಯ ಕಂಪ್ಯೂಟರಿನ ಕೆಲಸ. ಕಾಕಾನ ಗಾಡಿಯವು ಕೆಟ್ಟಿದ್ದವು. ಹೊಸವನ್ನು ಕೊಳ್ಳುವ ಬದಲು ಅವರು ಹಳೇ ಸಾಮಾನಿನ ಬಜಾರಿನಲ್ಲಿ ಪರದೇಶದ ಯಾವುದೋ ಗಾಡಿಯವನ್ನು ತಂದಿದ್ದರು. ಅಳತೆ ಕೂಡುತ್ತಿತ್ತು, ಪೆಟ್ರೋಲಿನ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಕಾಯಿಲ್ಲು ಮಾತ್ರ ಬೇರೆ. ಮೂಲದ್ದರ ತಡೆ ಹದಿನಾಲ್ಕು ಓಮ್, ಇವುಗಳದ್ದು ಬರೀ ಎರಡೂವರೆ. ಹಾಗೇ ಜೋಡಿಸಿದರೆ ಮಿತಿಮೀರಿ ಕರೆಂಟು ಹರಿದು ಕಂಪ್ಯೂಟರು ಸುಟ್ಟುಹೋಗುತ್ತದೆ. ಅದಕ್ಕೆ ಒಂದೊಂದರ ವೈರಿನಲ್ಲೂ ಕರೆಂಟು ತಡೆಯುವ ಒಂದೊಂದು ರೆಸಿಸ್ಟರ್ ಕೂಡಿಸಬೇಕು.

"ಎಷ್ಟು ಓಮಿಂದು ಹಾಕ್ತೀರಿ?" ಎಂದರು ಕಾಕಾ. ಪಗಾರ ಕೇಳಲಿಲ್ಲ, ಗೋತ್ರ ಕೇಳಲಿಲ್ಲ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಆರು ಪಾಯಿಂಟ್ ಎಂಟು ಸಾಕ್ರಿ" ಎಂದೆ. ಕಾಕಾ ತಲೆದೂಗಿದರು. ನನ್ನ ಎದೆ ಉಬ್ಬಿತು.

ಆಗ ಹುಡುಗಿ ಮೊದಲ ಸಲ ಬಾಯಿ ತೆರೆದಳು. "ಎಷ್ಟು ವ್ಯಾಟಿಂದು?" ಅಂದರೆ ಎಷ್ಟು ಬಿಸಿ ತಾಳುವಂಥದ್ದು ಎಂದು.

ಹೆಣ್ಣುಮಕ್ಕಳ ಮುಂದೆ ಗೊತ್ತಿಲ್ಲ ಎನ್ನುವುದು ನಮ್ಮ ಮನೆತನದಲ್ಲೇ ಇಲ್ಲ. "ಯಾವ್ದರೆ ನಡೀತದ್ರಿ" ಎಂದೆ. ಅವಳು ಒಳಗೆ ಹೋದಳು. ಅಡುಗೆಮನೆಯಿಂದ ಕೆಮ್ಮೋ ನಗುವೋ ಒಂದು ಸಪ್ಪಳ ಕೇಳಿತು.

ಕಾಕಾ ತೀರ್ಪು ಕೊಟ್ಟರು: "ಗಾಡಿ ಮಾಡಿ ತೋರಸ್ರಿ. ಕಾತ್ರಜ ಘಾಟ್ ಏರಲಿ. ಆಮ್ಯಾಲೆ ಮುಂದಿನ ಮಾತು."

ಒಗ್ಗರಣೆ

ಮುಂದಿನ ರವಿವಾರ ಹೋದೆ. ಅಂಗಡಿಯ ಡಬ್ಬಿಯಲ್ಲಿ ರೇಡಿಯೋಕ್ಕೆ ಹಾಕುವ ಕಾಲು ವ್ಯಾಟಿನ ರೆಸಿಸ್ಟರುಗಳು ಬೇಕಾದಷ್ಟಿದ್ದವು. ಗಾತ್ರದಲ್ಲಿ ಜೀರಿಗೆಗಿಂತ ಸ್ವಲ್ಪ ದೊಡ್ಡವು. ನಾಲ್ಕು ಆರಿಸಿ ನೀಟಾಗಿ ಬೆಸೆದು, ಕಾಕಾನಿಗೆ ತೋರಿಸಿ, ಚಾಬಿ ತಿರುಗಿಸಿದೆ. ಗಾಡಿ ಒಂದೇ ಹೊಡೆತಕ್ಕೆ ಚಾಲೂ ಆಯಿತು. ಕಾಕಾನ ಮುಖದಲ್ಲಿ ಹುಳುಕು ಸಿಗದ ಇನ್‌ಸ್ಪೆಕ್ಟರನ ದುಃಖ.

"ರೇಸ್ ಮಾಡ್ರಿ" ಎಂದರು.

ಮಾಡಿದೆ. ಬಾನೆಟ್ಟಿನ ಕೆಳಗಿಂದ ಮೊದಲು ಒಂದು ಎಳೆ ಹೊಗೆ, ಆಮೇಲೆ ನಾಲ್ಕು ಎಳೆ. ಹದಿನೈದು ವ್ಯಾಟಿನವರೆಗೂ ಬಿಸಿ ಹುಟ್ಟಬಹುದಾದ ಜಾಗದಲ್ಲಿ ಕಾಲು ವ್ಯಾಟಿನ ಬಡಪಾಯಿಗಳನ್ನು ನಿಲ್ಲಿಸಿದ್ದೆ. ಪಾಪ, ಒಂದರ ಹಿಂದೆ ಒಂದು ಕರಕಲಾದವು. ಕಂಪ್ಯೂಟರನ್ನು ಉಳಿಸಿ ಸತ್ತವು ಎನ್ನುವುದೊಂದೇ ಪುಣ್ಯ. ಗಾಡಿ ಬಿಕ್ಕಳಿಸಿ ನಿಂತಿತು.

ವಾಸನೆ ಮನೆಯೊಳಗೆ ಹೋಗಿರಬೇಕು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಕಾಕು ಕೂಗಿ ಕೇಳಿದರು, "ಒಗ್ಗರಣಿ ಹೊತ್ತಿತೇನವಾ?"

ಅಡುಗೆಮನೆಯ ಕಿಟಕಿಯಿಂದ ಹುಡುಗಿಯ ದನಿ ಶಾಂತವಾಗಿ ಬಂತು: "ನಂದಲ್ಲವ್ವಾ. ಅವರದು."

ಒಂದರಿಂದ ನಾಲ್ಕು

ಬುದ್ಧಿ ಬಂತು. ಐವತ್ತು ವ್ಯಾಟಿನ, ಅಲ್ಯುಮಿನಿಯಂ ಕವಚದ ರೆಸಿಸ್ಟರೇ ಬೇಕೆಂದು ಬುಧವಾರ ಪೇಟೆ ಎಂಬ ಬಡಾವಣೆಯ ಎಲೆಕ್ಟ್ರಾನಿಕ್ಸ್ ಗಲ್ಲಿಗೆ ಹೋದೆ. ಇಡೀ ಗಲ್ಲಿಯಲ್ಲಿ ಅದು ಇದ್ದದ್ದು ಒಬ್ಬರೇ ಅಜ್ಜನ ಅಂಗಡಿಯಲ್ಲಿ. ಪುಣೆಯ ಹಳೇ ಅಂಗಡಿಕಾರರಿಗೆ ಮಧ್ಯಾಹ್ನ ಒಂದರಿಂದ ನಾಲ್ಕು ಎಂದರೆ ಊಟ ಮತ್ತು ನಿದ್ದೆ. ಆ ಹೊತ್ತಿನಲ್ಲಿ ಗಿರಾಕಿ ಎನ್ನುವವನು ಕಳ್ಳನಿಗೆ ಸಮ. ನಾನು ಹೋದಾಗ ಒಂದಕ್ಕೆ ಐದು ಮಿನಿಟು ಕಡಿಮೆಯಿತ್ತು.

ಅಜ್ಜ ನಾನು ಬರೆದು ತಂದ ಚೀಟಿ ಓದಿ, "ಗಾಡೀಲಾ? ಕಶಾಲಾ?" ಎಂದರು, ಗಾಡಿಗೆ ಇದೆಲ್ಲ ಯಾಕೆ ಎಂದು. ನಾನು ನನ್ನ ಮರಾಠಿಯಲ್ಲಿ ಇಂಜೆಕ್ಟರು, ಕಾಯಿಲ್ಲು, ಕಂಪ್ಯೂಟರು ಎಲ್ಲ ವಿವರಿಸಿದೆ. ಅವರು ನನ್ನ ಲೆಕ್ಕ ಬರೆಸಿ ನೋಡಿದರು, ಗುಣಾಕಾರದಲ್ಲಿ ಒಂದು ತಪ್ಪು ತಿದ್ದಿದರು, ಸಾಲೆಯಲ್ಲಿ ಏನು ಕಲಿಸಿದ್ದಾರೆ ನಿನಗೆ ಎಂದು ಬೈದರು. ಅಷ್ಟರಲ್ಲಿ ಗಡಿಯಾರ ಒಂದು ಹೊಡೆಯಿತು. ಅಜ್ಜ ಎದ್ದು ಶಟರ್ ಎಳೆದರು. ನಾನು ಒಳಗೇ ಇದ್ದೆ.

"ದುಕಾನ ಬಂದ್ ಆಹೆ" ಎಂದರು ನನಗೆ. ಅಂಗಡಿ ಮುಚ್ಚಿದೆಯಂತೆ. ರೆಸಿಸ್ಟರ್ ಡಬ್ಬಿ ನನ್ನ ಮೂಗಿನ ಮುಂದೆಯೇ ಇತ್ತು. ಹೊರಗೆ ಬಿಡಿ ಎಂದರೆ ನಾಲ್ಕಕ್ಕೆ ಮತ್ತೆ ಒಳಗೆ ಸೇರಿಸುತ್ತಾರೆಂಬ ಭರವಸೆ ಇರಲಿಲ್ಲ. ಸುಮ್ಮನೆ ಕೂತೆ. ಅಜ್ಜ ತಮ್ಮ ಊಟದ ಡಬ್ಬಿ ಬಿಚ್ಚಿ ಉಂಡರು. ನನಗೂ ಅರ್ಧ ಚಪಾತಿ ಕೊಟ್ಟರು. ಆಮೇಲೆ ಚಾಪೆ ಹಾಸಿ ಗೊರಕೆ ಹೊಡೆದರು. ನಾನೂ ಸಾಮಾನು ತುಂಬಿದ ರಟ್ಟಿನ ಖೋಕಿಗಳಿಗೆ ಒರಗಿ ಕಣ್ಣು ಮುಚ್ಚಿದೆ.

ನಾಲ್ಕಕ್ಕೆ ಸರಿಯಾಗಿ ಅಜ್ಜ ಎದ್ದು, ಮುಖ ತೊಳೆದು, ಶಟರ್ ಎತ್ತಿ, ಹಣದ ಗಲ್ಲೆಯ ಮುಂದೆ ಕೂತು, ಜನ್ಮದಲ್ಲಿ ನನ್ನನ್ನು ನೋಡಿಯೇ ಇಲ್ಲದವರಂತೆ ಕೇಳಿದರು: "ಬೋಲಾ, ಕಾಯ ಪಾಹಿಜೆ?"

ಹೇಳಿ, ಏನು ಬೇಕು?

ಬೆರಳಿನ ತಪಾಸಣೆ

ಈ ಸಲ ಕೆಲಸ ಚೊಕ್ಕವಾಯಿತು. ಬಂಗಾರದ ಬಣ್ಣದ ನಾಲ್ಕು ರೆಸಿಸ್ಟರುಗಳನ್ನು ಒಂದು ಲೋಹದ ಪಟ್ಟಿಗೆ ಬಿಗಿದು, ಗಾಳಿ ಬಡಿಯುವ ಕಡೆ ಕೂಡಿಸಿದೆ. ಕಾಕು ಇಣುಕಿ ನೋಡಿ, "ವರನ ಕಡಿಂದ ಬಂಗಾರ ಬಂತಲ್ಲಾ, ಭಾಳ ಛಲೋ ಆತು" ಎಂದರು. ಅರ್ಧ ತಾಸು ಎಂಜಿನ್ನು ಓಡಿತು, ರೇಸ್ ಮಾಡಿದರೂ ಹೊಗೆ ಇಲ್ಲ. ಕಾಕಾನಿಗೆ ಸಮಾಧಾನವಿಲ್ಲ.

"ಕಾಕಾ, ಮುಟ್ಟಬ್ಯಾಡ್ರಿ. ಅವು ಕಾಯೂದ ಅವುಗಳ ಕೆಲಸ" ಎಂದೆ.

ಮೂವತ್ತು ವರ್ಷದ ಇನ್‌ಸ್ಪೆಕ್ಟರು ಬೇರೆಯವರ ಮಾತಿನ ಮೇಲೆ ಮಾಲು ಪಾಸು ಮಾಡಿಯಾರೇ? ತೋರುಬೆರಳು ತೆಗೆದುಕೊಂಡು ಹೋಗಿ ಮೊದಲನೆಯದರ ಮೇಲೆ ಇಟ್ಟರು. ಚುರ್ ಎಂದಿತು. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಒಂದು ಸುಟ್ಟಿತೆಂದರೆ ಉಳಿದವೂ ಸುಡುತ್ತವೆ ಎಂದು ನಂಬುವ ಮನುಷ್ಯ ಅವರಲ್ಲ. ನಡುಬೆರಳು ಎರಡನೆಯದಕ್ಕೆ, ಉಂಗುರಬೆರಳು ಮೂರನೆಯದಕ್ಕೆ, ಕಿರುಬೆರಳು ನಾಲ್ಕನೆಯದಕ್ಕೆ.

ಕಾಕು ಓಡಿಬಂದು ನಾಲ್ಕೂ ಬೆರಳನ್ನು ಮೊಸರಿನ ಬಟ್ಟಲಲ್ಲಿ ಅದ್ದಿದರು. ಕಾಕಾ ಕಣ್ಣಲ್ಲಿ ನೀರು ತುಂಬಿಕೊಂಡೇ ವರದಿ ಒಪ್ಪಿಸಿದರು: "ನಾಕೂ ಒಂದ ಸವನ ಸುಡ್ತಾವ. ಮಾಲ್ ಛಲೋ ಅದ."

ಘಾಟಿನ ಮೇಲೆ

ಕೊನೆಯ ಪರೀಕ್ಷೆಗೆ ಮನೆಮಂದಿಯೆಲ್ಲ ಹೊರಟರು. ನಾನು ಗಾಡಿ ಹೊಡೆಯುತ್ತಿದ್ದೆ, ಪಕ್ಕದಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡ ಕಾಕಾ, ಹಿಂದೆ ಕಾಕು ಮತ್ತು ಹುಡುಗಿ. ಗಾಡಿ ನಿಂತರೆ ನನ್ನ ಸಂಸಾರವೂ ಶುರುವಾಗುವ ಮೊದಲೇ ನಿಂತಿತು ಎಂದು ನನಗೆ ಗೊತ್ತಿತ್ತು. ಕಾತ್ರಜ ಘಾಟಿನ ಒಂದೊಂದು ತಿರುವಿನಲ್ಲೂ ಒಂದೊಂದು ದೇವರಿಗೆ ಹರಕೆ ಹೊತ್ತೆ. ದೇವರುಗಳು ಮುಗಿದರು, ಘಾಟು ಮುಗಿಯಲಿಲ್ಲ. ಆದರೂ ಗಾಡಿ ಒಮ್ಮೆಯೂ ಕೆಮ್ಮದೆ ಮೇಲೆ ಹೋಗಿ ನಿಂತಿತು. ಅಷ್ಟು ಖುಷಿ ನನಗೆ ಡಿಪ್ಲೊಮಾ ಪಾಸಾದಾಗಲೂ ಆಗಿರಲಿಲ್ಲ.

ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದರು. ಕಾಕಾ ಬಾನೆಟ್ ಎತ್ತಿ ತಪಾಸಣೆಗೆ ಹೋದರು. ನಾನು ಧೈರ್ಯ ಮಾಡಿ ಕಾಕು ಹತ್ತಿರ ಕೇಳಿದೆ, "ಮುಂದಿನ ಮಾತು ಏನ್ರಿ ಕಾಕು? ಹುಡುಗಿ ಏನಂತಾರ?"

ಕಾಕು ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಅಯ್ಯ, ನಿಮಗ ಇನ್ನೂ ಗೊತ್ತಿಲ್ಲೇನ್ರಿ? ಆಕಿ ಮೊದಲನೇ ದಿನಾನ ಹ್ಞೂ ಅಂದಾಳ. ಇವರ ನಮ್ಮೆಲ್ಲಾರ ಬಾಯಿ ಮುಚ್ಚಿಸ್ಯಾರ."

ನಾನು ಕಾಕಾನ ಕಡೆ ನೋಡಿದೆ. ಅವರಿಗೆ ಎಳ್ಳಷ್ಟೂ ನಾಚಿಕೆಯಿಲ್ಲ.

"ಮತ್ತೇನ್ ಮಾಡ್ಲಿ?" ಎಂದರು. "ಅಳಿಯಾ ಆದ ಮ್ಯಾಲೆ ನಿಮ್ಮ ಕೈಗೆ ಪಾನಾ, ಸ್ಕ್ರೂಡ್ರೈವರ್ ಕೊಡ್ಲಿಕ್ಕೆ ಬರ್ತದೇನು? ಕಾಲಿಗೆ ನೀರು ಕೊಟ್ಟು, ಹೋಳಿಗಿ ಬಡಿಸಿ ಕೂಡಿಸಬೇಕು. ಅಳಿಯನ ಕಡೆ ಗಾಡಿ ರಿಪೇರಿ ಮಾಡಿಸಿದ್ರ ಮಂದಿ ಮಾರಿಗೆ ಉಗುಳ್ತಾರ. ಕೆಲಸ ಏನಿದ್ರೂ ಮೊದಲ ಆಗಬೇಕು."

ಒಂದು ತಿಂಗಳು ನಾನು ನಿದ್ದೆಗೆಟ್ಟದ್ದು, ಅಜ್ಜನ ಅಂಗಡಿಯಲ್ಲಿ ಬಂದಿಯಾದದ್ದು, ಎಲ್ಲ ಆಗಲೇ ನನ್ನದಾಗಿದ್ದ ಹೆಣ್ಣಿಗಾಗಿ. ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಹುಡುಗಿ ನಗುತ್ತಿದ್ದಳು.

ಕಾಕಾ ಬಾನೆಟ್ ಮುಚ್ಚಿ ಗಂಟಲು ಸರಿಮಾಡಿಕೊಂಡರು. "ಗಾಡಿದು ಎ.ಸಿ. ಒಂದು ಗಾಳಿ ಬಿಡವಲ್ದು. ಅದೊಂದು ಆಗಿಬಿಡ್ಲಿ, ನಿಶ್ಚಯ ಇಟ್ಕೊಳ್ಳೋಣು."

ಹುಡುಗಿ ಎದ್ದು ಹೋಗಿ ಗಾಡಿಯ ಚಾಬಿ ಕಿತ್ತು ತನ್ನ ಪರ್ಸಿನಲ್ಲಿ ಹಾಕಿಕೊಂಡಳು. "ಸಾಕಪ್ಪಾ. ಇವತ್ತ ತಾರೀಖು ಹೇಳು. ಇಲ್ಲಾಂದ್ರ ಎಲ್ಲಾರೂ ನಡಕೋತ ಚಿಂಚವಾಡಕ್ಕ ಹೋಗೋಣು."

ಕಾಕಾ ಘಾಟಿನ ಕೆಳಗೆ ನೋಡಿದರು, ಮಗಳ ಪರ್ಸು ನೋಡಿದರು, ಸೋತರು. "ಆತವಾ. ಮುಂದಿನ ರವಿವಾರನ ನಿಶ್ಚಯ. ಅವತ್ತಿಂದ ಇವರು ನಮ್ಮ ಮನಿ ಅಳಿಯಾ. ಇವರ ಕೈಲೆ ಒಂದು ಕಡ್ಡಿ ಎತ್ತಸೂದಿಲ್ಲ."

ಎಲ್ಲರೂ ಗಾಡಿ ಹತ್ತಿದೆವು. ಚಾಬಿ ತಿರುಗಿಸುವ ಹೊತ್ತಿಗೆ ಕಾಕಾ ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು:

"ಶನಿವಾರ ಏನು, ಖಾಲೀನ ಅದೀರಲ್ಲಾ?"